ಸ್ಟ್ರೆಚರ್ ಹಿಡಿದವರ ಕಥೇನೂ ಒಂದ್ಸಲ ಹಾಕಿ ಸರ್

ಸಂಪಾದಕರಿಗೆ ನಮಸ್ಕಾರ,

ಜುಲೈ 26ರ ಕಾರ್ಗಿಲ್ ವಿಜಯ ದಿವಸದ ದಿನ ನಿಮ್ಮ ಪೇಪರಲ್ಲಿ ಬಂದ ವಿಶೇಷ ಪುಟ ಓದಿದೆ. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ತೊಲೊಲಿಂಗ್, ಟೈಗರ್ ಹಿಲ್, ಪಾಯಿಂಟ್ 4875 ಎಲ್ಲಾ ಬಂದಿತ್ತು, ಬೊಫೋರ್ಸ್ ಬಗ್ಗೆ ಒಂದು ಬಾಕ್ಸ್ ಕೂಡ ಇತ್ತು. ಕೆಳಗಡೆ ಮೂಲೇಲಿ ಒಂದು ಲೈನು, 527 ಜನ ಹುತಾತ್ಮರಾದ್ರು, 1,363 ಜನ ಗಾಯಗೊಂಡ್ರು ಅಂತ. ಅಲ್ಲಿಗೆ ಪುಟ ಮುಗೀತು. ಆ 1,363 ಜನ ಹದಿನಾರು ಸಾವಿರ ಅಡಿ ಎತ್ತರದ ಬಂಡೆ ಮೇಲಿಂದ ಕೆಳಗೆ ಹೇಗೆ ಬಂದ್ರು, ಯಾರು ಅವರ ರಕ್ತ ನಿಲ್ಲಿಸಿದ್ರು, ಯಾರು ಹೊತ್ಕೊಂಡು ಬಂದ್ರು ಅನ್ನೋದಕ್ಕೆ ಇಡೀ ಪುಟದಲ್ಲಿ ಒಂದು ವಾಕ್ಯ ಇರ್ಲಿಲ್ಲ. ಒಂದು ಫೋಟೋ ಮಾತ್ರ ಇತ್ತು, ನಾಲ್ಕು ಜನ ಸ್ಟ್ರೆಚರ್ ಹೊತ್ತಿರೋದು, ಅದರ ಕೆಳಗೆ ಗಾಯಗೊಂಡ ಯೋಧ ಅಂತ ಬರೆದಿದ್ರಿ, ಸರಿ, ಹೊತ್ತಿರೋ ನಾಲ್ಕು ಜನ ಯೋಧರಲ್ವಾ?

ಜಗಳಕ್ಕೆ ಬರೀತಿಲ್ಲ. ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ, ನಾವು ಎ.ಎಂ.ಸಿ. ಅಂತೀವಿ, ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿ ಹವಾಲ್ದಾರ್ ಆಗಿ ರಿಟೈರ್ ಆದೋನು. 1999ರ ಬೇಸಿಗೇಲಿ, ಕಾರ್ಗಿಲ್ ಯುದ್ಧದಾಗ, ದ್ರಾಸ್ ಕಡೆ ಒಂದು ಇನ್‌ಫೆಂಟ್ರಿ ಬೆಟಾಲಿಯನ್ ಜೊತೆ ಇದ್ದೆ. ಅವಾರ್ಡು ಗೀವಾರ್ಡು ಏನೂ ಇಲ್ಲ, ಎಲ್ರಿಗೂ ಕೊಟ್ಟ ಮೆಡಲ್ ನನಗೂ ಇದೆ ಅಷ್ಟೆ. ನನ್ನಂಥೋರು ಕರ್ನಾಟಕದ ಪ್ರತಿ ಜಿಲ್ಲೇಲೂ ಇದಾರೆ, ಪಿಯುಸಿ ಸೈನ್ಸ್ ಮಾಡಿ, ಮೆಡಿಕಲ್ ಸೀಟು ಕೈಗೆಟುಕದೆ, ಭರ್ತಿ ರ‍್ಯಾಲೀಲಿ ಓಡಿ ಸೆಲೆಕ್ಟ್ ಆಗಿ ಲಕ್ನೋದ ನಮ್ಮ ಟ್ರೈನಿಂಗ್ ಸೆಂಟರ್‌ಗೆ ರೈಲು ಹತ್ತಿದೋರು. ಊರಿಗೆ ವಾಪಸ್ ಬಂದ್ಮೇಲೆ ಜನ ಕೇಳೋ ಮೊದಲ ಪ್ರಶ್ನೆ, ಮಿಲಿಟ್ರೀಲಿ ಏನ್ ಕೆಲ್ಸ ಅಂತ. ಮೆಡಿಕಲ್ ಕೋರ್ ಅಂದ ತಕ್ಷಣ ಮುಖ ಸ್ವಲ್ಪ ಇಳಿಯುತ್ತೆ, "ಓ ಆಸ್ಪತ್ರೇಲಾ, ಹಾಗಾದ್ರೆ ಯುದ್ಧಕ್ಕೆ ಹೋಗಿಲ್ಲ ಅನ್ನಿ" ಅಂತಾರೆ. ಇನ್ನು ಕೆಲವರು ಅಷ್ಟಕ್ಕೇ ಬಿಡಲ್ಲ, ಮಂಡಿ ನೋವಿಗೆ ಇಂಜೆಕ್ಷನ್ ಕೊಡ್ತೀರಾ ಅಂತಾರೆ.

ಅದಕ್ಕೇ ಈ ಪತ್ರ ಸ್ವಲ್ಪ ಉದ್ದ ಆಗುತ್ತೆ, ಕತ್ತರಿಸೋದಾದ್ರೆ ಮೇಲಿನ ಭಾಗ ಕತ್ತರಿಸಿ, ಕೆಳಗಿನದು ಉಳಿಸಿ.

ಮೊದಲು ಗಾಯಗೊಂಡೋನು ಯಾವ ದಾರೀಲಿ ಬರ್ತಾನೆ ಅಂತ ಹೇಳ್ತೀನಿ, ಯಾಕಂದ್ರೆ ಸಿನಿಮಾ ನೋಡಿ ಜನಕ್ಕೆ ಗುಂಡು ಬಿದ್ದ ತಕ್ಷಣ ಹೆಲಿಕಾಪ್ಟರ್ ಬರುತ್ತೆ ಅನ್ನೋ ಭಾವನೆ ಇದೆ. ಪ್ರತಿ ಬೆಟಾಲಿಯನ್‌ಗೆ ಒಬ್ಬ ಡಾಕ್ಟರ್ ಇರ್ತಾರೆ, ಆರ್.ಎಂ.ಓ. ಅಂತ, ಹೆಚ್ಚಾಗಿ ಕ್ಯಾಪ್ಟನ್ನು, ಎಂಬಿಬಿಎಸ್ ಮುಗಿಸಿ ಬಂದ ಹುಡುಗ. ಅವರ ಜೊತೆ ನಮ್ಮಂಥ ಕೆಲವು ನರ್ಸಿಂಗ್ ಅಸಿಸ್ಟೆಂಟ್‌ಗಳು. ಇಷ್ಟು ಜನ ಸೇರಿ ನಡೆಸೋದು ಆರ್.ಎ.ಪಿ., ಅಂದ್ರೆ ರೆಜಿಮೆಂಟಲ್ ಏಯ್ಡ್ ಪೋಸ್ಟ್. ಹೆಸರು ದೊಡ್ಡದು, ದ್ರಾಸ್‌ನಲ್ಲಿ ಅದು ಒಂದು ದೊಡ್ಡ ಬಂಡೆಯ ಮರೆ, ಸುತ್ತ ಕಲ್ಲು ಪೇರಿಸಿದ ಗೋಡೆ, ಮೇಲೆ ಒಂದು ಟಾರ್ಪಾಲು. ಅಲ್ಲಿಂದ ಕೆಳಗೆ ಏ.ಡಿ.ಎಸ್., ಅಡ್ವಾನ್ಸ್ ಡ್ರೆಸಿಂಗ್ ಸ್ಟೇಷನ್, ಅದನ್ನ ನಡೆಸೋದು ಫೀಲ್ಡ್ ಆಂಬುಲೆನ್ಸ್ ಯುನಿಟ್ಟು, ಅದು ಗಾಡಿ ಅಲ್ಲ, ಸೈನ್ಯದ ವೈದ್ಯಕೀಯ ತುಕಡಿ. ಅದಕ್ಕೂ ಹಿಂದೆ ಸರ್ಜನ್ ಇರೋ ಜಾಗ. ಆಮೇಲೆ ಶ್ರೀನಗರದ 92 ಬೇಸ್ ಹಾಸ್ಪಿಟಲ್, ಅಲ್ಲಿಂದ ಉಧಂಪುರ, ದೆಹಲಿ. ಕಾಲು ಹೋದೋರು ಕೊನೆಗೆ ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್‌ಗೆ ಹೋಗ್ತಿದ್ರು, 1944ರಿಂದ ನಡೀತಿರೋ ಸಂಸ್ಥೆ ಅದು. ಬೆನ್ನುಹುರಿಗೆ ಪೆಟ್ಟು ಬಿದ್ದೋರು ಕಿರ್ಕಿಯ ಪ್ಯಾರಾಪ್ಲೀಜಿಕ್ ಸೆಂಟರ್‌ಗೆ. ಈ ಸರಪಳೀಲಿ ಮೊದಲ ಕೊಂಡಿ ಡಾಕ್ಟರ್ ಅಲ್ಲ, ಗಾಯಗೊಂಡೋನ ಪಕ್ಕದಲ್ಲಿರೋ ಜವಾನ, ಇಲ್ಲಾ ತೆವಳಿಕೊಂಡು ಅವನ ಹತ್ರ ಹೋಗೋ ನರ್ಸಿಂಗ್ ಅಸಿಸ್ಟೆಂಟು. ಆ ಕೊಂಡಿ ಕಳಚಿದ್ರೆ ಹಿಂದೆ ಎಂಥ ದೊಡ್ಡ ಸರ್ಜನ್ ಕಾಯ್ತಾ ಕೂತಿದ್ರೂ ಪ್ರಯೋಜನ ಇಲ್ಲ.

ದ್ರಾಸ್‌ನಲ್ಲಿ ಹೆಚ್ಚಿನ ಅಟ್ಯಾಕ್ ಎಲ್ಲಾ ರಾತ್ರಿ ಹೊತ್ತು. ಹಗಲು ಮೇಲೆ ಕೂತಿದ್ದ ಪಾಕಿಸ್ತಾನದೋರಿಗೆ ಎಲ್ಲಾ ಕಾಣ್ತಿತ್ತು, ಕೆಳಗಿನ ಹೈವೇ ಮೇಲೇನೇ ಶೆಲ್ ಬೀಳ್ತಿತ್ತು, ಗಾಡಿಗಳು ಹೆಡ್‌ಲೈಟ್ ಹಾಕ್ದೆ ಓಡಾಡ್ತಿದ್ವು. ಅಂದ್ಮೇಲೆ ನಮ್ಮ ಕೆಲಸಾನೂ ಕತ್ತಲಲ್ಲೇ, ಟಾರ್ಚ್ ಹಾಕೋ ಹಾಗಿಲ್ಲ. ಗಾಯಗೊಂಡೋನು ನಾಲ್ಕೈದು ಪದರ ಬಟ್ಟೆ ಹಾಕಿರ್ತಾನೆ, ಮೇಲೆ ದಪ್ಪ ಕೋಟು, ರಕ್ತ ಹೊರಗೆ ಕಾಣೋದೇ ಇಲ್ಲ, ಎಲ್ಲಾ ಒಳಗೇ ಹೀರ್ಕೊಂಡಿರುತ್ತೆ. ಕೈ ಒಳಗೆ ಹಾಕಿ ಕುತ್ತಿಗೆಯಿಂದ ಶುರು ಮಾಡಿ ಕಂಕುಳು, ಬೆನ್ನು, ತೊಡೆ ಸಂದು ಹೀಗೆ ತಡವ್ತಾ ಬರಬೇಕು, ಕೈ ಹೊರಗೆ ತೆಗೆದು ಬೆರಳು ಉಜ್ಜಿ ನೋಡ್ಬೇಕು, ಅಂಟು ಅಂಟಾಗಿ ಬಿಸಿ ಇದ್ರೆ ರಕ್ತ, ತಣ್ಣಗಿದ್ರೆ ಬೆವರೋ ಹಿಮವೋ. ಬೆನ್ನು ಮರೀಬಾರ್ದು, ಮುಂದೆ ಸಣ್ಣ ತೂತು ಇದ್ರೆ ಹಿಂದೆ ದೊಡ್ಡದಿರುತ್ತೆ. ಬುಲೆಟ್‌ಗಿಂತ ಜಾಸ್ತಿ ನಾವು ನೋಡಿದ್ದು ಸ್ಪ್ಲಿಂಟರ್ ಗಾಯ, ಶೆಲ್ ಚೂರುಗಳು, ಜೊತೆಗೆ ಅಲ್ಲಿ ಬಂಡೆ ಒಡೆದು ಕಲ್ಲಿನ ಚೂರೂ ಹಾರ್ತಿತ್ತು, ಅದೂ ಗುಂಡಿನಷ್ಟೇ ಕೆಟ್ಟದ್ದು.

ಪ್ರತಿ ಸೈನಿಕನ ಹತ್ರ ಒಂದು ಫೀಲ್ಡ್ ಡ್ರೆಸಿಂಗ್ ಇರುತ್ತೆ, ಸೀಲ್ ಮಾಡಿದ ಪೊಟ್ಟಣ, ಒಳಗೆ ದಪ್ಪ ಪ್ಯಾಡು ಅದಕ್ಕೆ ಹೊಲಿದ ಬ್ಯಾಂಡೇಜು. ಲಕ್ನೋದಲ್ಲಿ ಉಸ್ತಾದ್, ಅಂದ್ರೆ ಟ್ರೈನಿಂಗ್ ಕೊಡೋರು, ತಲೆಗೆ ತುಂಬಿದ ಮೊದಲ ಪಾಠ, ಗಾಯಗೊಂಡೋನಿಗೆ ಅವನ ಜೇಬಲ್ಲಿರೋ ಡ್ರೆಸಿಂಗೇ ಕಟ್ಟು, ನಿನ್ನದು ತೆಗೀಬೇಡ, ನಿನ್ನದು ನಿನಗೆ ಬೇಕಾಗುತ್ತೆ. ಆಗ ನಮಗೆ ನಗು ಬಂದಿತ್ತು. ಎದೆಗೆ ತೂತಾಗಿ ಅದರಿಂದ ಗಾಳಿ ಎಳೀತಿದ್ರೆ ಆ ಡ್ರೆಸಿಂಗ್‌ನ ಪ್ಲಾಸ್ಟಿಕ್ ಕವರನ್ನೇ ಒತ್ತಿ ಮುಚ್ಚೋದು. ಕೈ ಕಾಲಿನ ರಕ್ತ ಒತ್ತಿ ಹಿಡಿದ್ರೂ ನಿಲ್ಲದೇ ಇದ್ರೆ ಟೂರ್ನಿಕೆ, ಅಂದ್ರೆ ರಕ್ತ ತಡೆಯೋ ಪಟ್ಟಿ, ಬಿಗಿದು ಟೈಮ್ ಬರೆಯೋದು, ಕಾಗದ ಇಲ್ಲದಿದ್ರೆ ಹಣೆ ಮೇಲೇ. ನೋವಿಗೆ ಮಾರ್ಫಿನ್ ಕೊಟ್ರೆ ಅದನ್ನೂ ಬರೀಬೇಕು, ಇಲ್ಲಾಂದ್ರೆ ಕೆಳಗೆ ಇನ್ನೊಬ್ಬ ಮತ್ತೆ ಕೊಟ್ಟು ಉಸಿರೇ ನಿಂತುಹೋಗಬಹುದು. ತಲೆಗೆ ಪೆಟ್ಟಾದೋನು ಎಷ್ಟೇ ಗೋಳಾಡಿದ್ರೂ ಮಾರ್ಫಿನ್ ಕೊಡೋ ಹಾಗಿಲ್ಲ, ಅವನ ದೋಸ್ತಿಗಳು ನಮ್ಮನ್ನ ಬೈತಿರ್ತಾರೆ, ಕಲ್ಲು ಹೃದಯದೋನು ಅಂತ. ಗ್ಲೂಕೋಸ್ ಬಾಟಲಿ ಆ ಚಳೀಲಿ ಹೆಪ್ಪುಗಟ್ಟುತ್ತೆ, ಅದನ್ನ ನಮ್ಮ ಕೋಟಿನ ಒಳಗೆ ಹೊಟ್ಟೆಗೆ ತಾಗೋ ಹಾಗೆ ಇಟ್ಕೊಂಡು ಓಡಾಡ್ತಿದ್ವಿ. ಮೈ ತಣ್ಣಗಾದ್ರೆ ರಕ್ತ ಹೆಪ್ಪುಗಟ್ಟಲ್ಲ, ಅಂದ್ರೆ ಗಾಯದಿಂದ ಹರೀತಾನೇ ಇರುತ್ತೆ, ಅದಕ್ಕೇ ಗಾಯ ಕಟ್ಟಿದ್ಮೇಲೆ ಎರಡನೇ ಕೆಲಸ ಕಂಬಳಿ. ಡಾಕ್ಟರ್ ಸಾಹೇಬ್ರು ಔಷಧಿ ಪೆಟ್ಟಿಗೆ ಕಡಿಮೆ ಬಂದ್ರೆ ಸುಮ್ಮನಿರ್ತಿದ್ರು, ಕಂಬಳಿ ಕಡಿಮೆ ಬಂದ್ರೆ ವೈರ್‌ಲೆಸ್‌ನಲ್ಲಿ ಕೂಗಾಡ್ತಿದ್ರು.

ಇದೆಲ್ಲಾ ಕೈಕೆಲಸ, ಕಲಿತರೆ ಬರುತ್ತೆ. ಕಷ್ಟದ್ದು ಬೇರೇದು. ಒಂದೇ ಸಲ ಆರೇಳು ಜನ ಬಂದ್ರೆ ಯಾರನ್ನ ಮೊದಲು ಮುಟ್ಟೋದು ಅನ್ನೋದು. ಉಸ್ತಾದ್ ಹೇಳಿದ್ದು, ಕೂಗ್ತಿರೋನು ಉಸಿರಾಡ್ತಿದಾನೆ, ಅವನು ಕಾಯ್ತಾನೆ, ಸುಮ್ಮನೆ ಬಿದ್ದಿರೋನ ಹತ್ರ ಮೊದಲು ಓಡು. ಕೇಳೋಕೆ ಸುಲಭ. ಮಾಡೋವಾಗ ಕೂಗ್ತಿರೋನು ನಿನ್ನೆ ರಾತ್ರಿ ನನ್ನ ಜೊತೆ ಒಂದೇ ಮಗ್‌ನಲ್ಲಿ ಚಹಾ ಕುಡಿದೋನು, ನನ್ನ ಹೆಸರಿಡಿದೇ ಕರೀತಿದಾನೆ, ಅವನನ್ನ ದಾಟಿ ಹೋಗಬೇಕು. ಇನ್ನು ಮೂರನೇ ಥರದೋರು ಇರ್ತಾರೆ, ಏನು ಮಾಡಿದ್ರೂ ಉಳಿಯಲ್ಲ ಅಂತ ಗೊತ್ತಾಗೋರು. ಅವರ ಮೇಲೆ ಹತ್ತು ನಿಮಿಷ ಕಳೆದ್ರೆ ಪಕ್ಕದಲ್ಲಿ ಉಳಿಯಬಹುದಾದೋನು ಹೋಗ್ತಾನೆ. ಅಂಥೋರಿಗೆ ನೋವು ಕಡಿಮೆ ಮಾಡಿ, ಕಂಬಳಿ ಹೊದಿಸಿ, ಯಾರಾದ್ರೂ ಕೈ ಹಿಡಿದು ಕೂರೋಕೆ ಹೇಳಿ ಮುಂದಕ್ಕೆ ಹೋಗ್ಬೇಕು. ಇದನ್ನ ತೀರ್ಮಾನ ಮಾಡೋದು ಡಾಕ್ಟರ್ರೇ, ಆದ್ರೆ ಡಾಕ್ಟರ್ ಒಬ್ರೇ, ಅವರ ಎರಡೂ ಕೈ ಇನ್ನೊಬ್ಬನ ಹೊಟ್ಟೆ ಮೇಲಿದ್ದಾಗ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಸಿಪಾಯಿನೇ ತೀರ್ಮಾನ ಮಾಡಬೇಕಾಗುತ್ತೆ. ಗುಂಡು ಹೊಡೆಯೋನಿಗೆ ಎದುರಿಗಿರೋದು ಶತ್ರು. ನಮಗೆ ಎದುರಿಗಿರೋರೆಲ್ಲಾ ನಮ್ಮೋರೇ. ಈ ವಿಷಯ ನಾನು ಮನೇಲಿ ಕೂಡ ಜಾಸ್ತಿ ಮಾತಾಡಿಲ್ಲ, ಇಲ್ಲೂ ಇಷ್ಟಕ್ಕೇ ಬಿಡ್ತೀನಿ.

ಆಮೇಲೆ ಕೆಳಗೆ ಸಾಗಿಸೋದು. ಸಮತಟ್ಟು ನೆಲದಲ್ಲಿ ಒಂದು ಸ್ಟ್ರೆಚರ್‌ಗೆ ನಾಲ್ಕು ಜನ ಸಾಕು. ಆ ಬೆಟ್ಟದಲ್ಲಿ ಎಂಟು ಜನ ಇದ್ರೂ ಕಡಿಮೆ, ಪಾಳಿ ಮೇಲೆ ಹೊರಬೇಕು, ಉಸಿರು ಸಿಗಲ್ಲ, ಎಷ್ಟೋ ಕಡೆ ಸ್ಟ್ರೆಚರ್ ಬಿಚ್ಚೋಕೂ ಜಾಗ ಇರಲ್ಲ, ಗಾಯಗೊಂಡೋನನ್ನ ಹಗ್ಗದಲ್ಲಿ ಬೆನ್ನಿಗೆ ಕಟ್ಕೊಂಡು ಕೂತ್ಕೊಂಡೇ ಜಾರ್ತಾ ಇಳಿಯೋದು. ಬೆಳಕು ಹರಿಯೋ ಮುಂಚೆ ಮರೆಗೆ ಬಂದು ಸೇರ್ಬೇಕು, ಇಲ್ಲಾಂದ್ರೆ ಇಡೀ ದಿನ ಬಂಡೆ ಹಿಂದೆ ಅವನನ್ನ ಇಟ್ಕೊಂಡು ಕೂರೋದು, ಮತ್ತೆ ಕತ್ತಲಾಗೋವರೆಗೆ. ನಮ್ಮ ಕೋರ್‌ನಲ್ಲಿ ಆಂಬುಲೆನ್ಸ್ ಅಸಿಸ್ಟೆಂಟ್ ಅಂತ ಒಂದು ಟ್ರೇಡ್ ಇದೆ, ಅವರ ಬಗ್ಗೆ ನಮ್ಮೋರೇ ಮಾತಾಡಲ್ಲ, ಹೊರೋದೇ ಅವರ ಕೆಲಸ. ಅವರ ಜೊತೆ ದ್ರಾಸ್, ಬಟಾಲಿಕ್ ಕಡೆಯ ಹಳ್ಳಿಯ ಪೋರ್ಟರ್‌ಗಳು, ಸಾಮಾನ್ಯ ನಾಗರಿಕರು, ಮೇಲೆ ಹೋಗೋವಾಗ ಮದ್ದುಗುಂಡು ನೀರು ಹೊತ್ಕೊಂಡು ಹೋಗಿ ಕೆಳಗೆ ಬರೋವಾಗ ನಮ್ಮ ಹುಡುಗರನ್ನ ಹೊತ್ಕೊಂಡು ಬರ್ತಿದ್ರು. ಹೆಲಿಕಾಪ್ಟರ್ ಬರ್ತಿದ್ವು, ಚೀತಾ ಮತ್ತೆ ಚೇತಕ್, ಆ ಪೈಲಟ್‌ಗಳಿಗೆ ಕೈ ಮುಗೀಬೇಕು, ಆದ್ರೆ ಅಷ್ಟು ಎತ್ತರದ ತೆಳು ಗಾಳೀಲಿ ಚೀತಾ ಹೊರೋದು ಒಬ್ಬನನ್ನೋ ಇಬ್ಬರನ್ನೋ, ಅದೂ ಅದು ಇಳಿಯೋ ಜಾಗದವರೆಗೆ ಹೊತ್ಕೊಂಡು ಹೋಗಬೇಕಾದ್ದು ನಾವೇ.

ಗುಂಡು ತಾಗದೇ ಬೀಳೋರು ಬೇರೆ. ಎತ್ತರಕ್ಕೆ ಸರಿಯಾಗಿ ಒಗ್ಗಿಕೊಳ್ಳೋಕೆ ದಿನಗಟ್ಟಲೆ ಬೇಕು, ಆ ವರ್ಷ ಅವಸರದಲ್ಲಿ ಎಷ್ಟೋ ಜನ ಮೇಲೆ ಹತ್ತಿದ್ರು. ರಾತ್ರಿ ಚೆನ್ನಾಗಿ ಮಾತಾಡ್ತಿದ್ದ ಹುಡುಗ ಬೆಳಗ್ಗೆ ಹೊತ್ತಿಗೆ ಕೆಮ್ತಾ ಗುಲಾಬಿ ಬಣ್ಣದ ನೊರೆ ಉಗುಳ್ತಾನೆ, ಶ್ವಾಸಕೋಶದಲ್ಲಿ ನೀರು ತುಂಬಿರುತ್ತೆ. ಆಕ್ಸಿಜನ್ ಕೊಡು, ಮಾತ್ರೆ ಕೊಡು, ಏನೇ ಕೊಟ್ರೂ ನಿಜವಾದ ಮದ್ದು ಒಂದೇ, ಕೆಳಗೆ ಇಳಿಸೋದು. ಸಿಯಾಚಿನ್‌ನಲ್ಲಿ 1984ರ ಏಪ್ರಿಲ್‌ನಿಂದ ನಮ್ಮ ಸೈನ್ಯ ಕೂತಿದೆ, ಅಲ್ಲಿ ಶತ್ರು ಗುಂಡಿಗಿಂತ ಚಳಿ, ಹಿಮ, ಎತ್ತರಕ್ಕೇ ಹೆಚ್ಚು ಜನ ಹೋಗಿರೋದು ಅಂತ ಎಲ್ರಿಗೂ ಗೊತ್ತಿರೋ ವಿಷಯ. ಅಲ್ಲಿ ಪೋಸ್ಟ್‌ನಲ್ಲಿ ಕೂತ ನರ್ಸಿಂಗ್ ಅಸಿಸ್ಟೆಂಟ್ ಎಷ್ಟೋ ಸಲ ಡಾಕ್ಟರ್ ಜೊತೆ ರೇಡಿಯೋದಲ್ಲಿ ಮಾತಾಡ್ಕೊಂಡೇ ಕೆಲಸ ಮಾಡ್ಬೇಕು. ಹುಡುಗರು ಹಿಮ ಕಚ್ಚಿದ ಬೆರಳನ್ನ ಸ್ಟೋವ್ ಹತ್ರ ಕಾಯಿಸೋಕೆ ಹೋಗ್ತಾರೆ, ಸ್ಪರ್ಶ ಸತ್ತಿರುತ್ತೆ, ಸುಟ್ಟಿದ್ದೂ ಗೊತ್ತಾಗಲ್ಲ. ದಿನಾ ರಾತ್ರಿ ಪ್ರತಿಯೊಬ್ಬನ ಸಾಕ್ಸ್ ಬಿಚ್ಚಿಸಿ ಪಾದ ನೋಡೋದು ನಮ್ಮ ಡ್ಯೂಟಿ. ಇದಕ್ಕೆಲ್ಲಾ ಯಾರು ಮೆಡಲ್ ಕೊಡ್ತಾರೆ ಹೇಳಿ, ಆದ್ರೆ ಬೆರಳು ಉಳಿದಿದ್ದು ಅದರಿಂದ್ಲೇ.

ಲಕ್ನೋದಲ್ಲಿದ್ದಾಗ ನಮ್ಮ ಕೋರ್‌ನ ಹಳೇ ಚರಿತ್ರೆ ಪಾಠ ಮಾಡ್ತಿದ್ರು, ಆಗ ತೂಕಡಿಸ್ತಿದ್ವಿ, ಈಗ ರಿಟೈರ್ ಆದ್ಮೇಲೆ ಹುಡುಕಿ ಹುಡುಕಿ ಓದ್ತೀನಿ. ಕೋರ್ ಹುಟ್ಟಿದ್ದು 1943ರ ಏಪ್ರಿಲ್ 3, ಎರಡನೇ ಮಹಾಯುದ್ಧದ ಮಧ್ಯೆ, ಅದಕ್ಕೂ ಮುಂಚೆ ಡಾಕ್ಟರ್‌ಗಳದ್ದು ಒಂದು ಸರ್ವಿಸು, ಅಸಿಸ್ಟೆಂಟ್ ಸರ್ಜನ್‌ಗಳದ್ದು ಇನ್ನೊಂದು ಡಿಪಾರ್ಟ್‌ಮೆಂಟು, ನಮ್ಮಂಥ ಸಿಪಾಯಿಗಳದ್ದು ಇಂಡಿಯನ್ ಹಾಸ್ಪಿಟಲ್ ಕೋರ್ ಅಂತ ಬೇರೇನೇ ಇತ್ತು, ಮೂರನ್ನೂ ಸೇರಿಸಿ ಒಂದು ಮಾಡಿದ್ರು. ಅವಸರ ಯಾಕೆ ಬಂತು ಅಂದ್ರೆ ಬರ್ಮಾ ಗಡಿ. ಅಲ್ಲಿ ಸೈನ್ಯ ನಡೆಸಿದ ಬ್ರಿಟಿಷ್ ಜನರಲ್ ಸ್ಲಿಮ್ ಬರೆದಿಟ್ಟಿರೋ ಲೆಕ್ಕ ಇದು, 1943ರಲ್ಲಿ ಅಲ್ಲಿ ಗಾಯದಿಂದ ಒಬ್ಬನನ್ನ ಹಿಂದಕ್ಕೆ ಸಾಗಿಸಿದ್ರೆ ಕಾಯಿಲೆಯಿಂದ 120 ಜನರನ್ನ ಸಾಗಿಸ್ತಿದ್ರಂತೆ. ಮಲೇರಿಯಾ, ಭೇದಿ, ಟೈಫಸ್. ಜಪಾನಿನೋರು ಗುಂಡು ಹೊಡೀದೇ ಇದ್ರೂ ಸೈನ್ಯ ಖಾಲಿ ಆಗ್ತಿತ್ತು. ಆಮೇಲೆ ಮಲೇರಿಯಾ ತಡೆಯೋಕೆ ಮೆಪಾಕ್ರಿನ್ ಮಾತ್ರೆ ಬಂತು, ಮೈ ಹಳದಿ ಆಗುತ್ತೆ, ಗಂಡಸುತನ ಹೋಗುತ್ತೆ ಅಂತ ಪುಕಾರು ಹಬ್ಬಿ ಜನ ಉಗುಳಿಬಿಡ್ತಿದ್ರು. ಲೈನಾಗಿ ನಿಲ್ಲಿಸಿ ಕಣ್ಣೆದುರಿಗೇ ನುಂಗಿಸೋದು, ಆಮೇಲೆ ಇದ್ದಕ್ಕಿದ್ದಂತೆ ಯುನಿಟ್‌ಗೆ ಹೋಗಿ ಎಲ್ಲರ ರಕ್ತ ಚೆಕ್ ಮಾಡಿಸೋದು, ನೂರಕ್ಕೆ 95 ಜನ ಮಾತ್ರೆ ತಗೊಂಡಿರೋದು ಕಾಣದಿದ್ರೆ ಕಮಾಂಡಿಂಗ್ ಆಫೀಸರ್‌ನೇ ಮನೆಗೆ ಕಳಿಸೋದು. ಸ್ಲಿಮ್ ಹಾಗೆ ಮೂರು ಜನರನ್ನ ಕಿತ್ತುಹಾಕಿದ್ರು, ಉಳಿದೋರು ದಾರಿಗೆ ಬಂದ್ರು. ಆ ರಕ್ತ ತೆಗೆದೋರು, ನೀರಿಗೆ ಔಷಧಿ ಹಾಕಿದೋರು, ಶೌಚದ ಗುಂಡಿ ಸರಿಯಾದ ಕಡೆ ತೋಡಿಸಿದೋರು ಯಾರು? ಹೆಲ್ತ್ ಅಸಿಸ್ಟೆಂಟು, ಲ್ಯಾಬ್ ಅಸಿಸ್ಟೆಂಟು. ಬರ್ಮಾ ಗೆದ್ದಿದ್ರಲ್ಲಿ ಅವರ ಪಾಲು ಟ್ಯಾಂಕ್‌ಗಿಂತ ಕಡಿಮೆ ಅಂತ ನಾನು ಒಪ್ಪಲ್ಲ.

ಅದೇ ಯುದ್ಧದಲ್ಲಿ 1944ರ ಫೆಬ್ರವರೀಲಿ ಬರ್ಮಾದ ಅರಾಕಾನ್‌ನ ಅಡ್ಮಿನ್ ಬಾಕ್ಸ್ ಅನ್ನೋ ಜಾಗದಲ್ಲಿ ರಾತ್ರಿ ಜಪಾನೀ ಸೈನಿಕರು ಡ್ರೆಸಿಂಗ್ ಸ್ಟೇಷನ್‌ಗೇ ನುಗ್ಗಿ ರೋಗಿಗಳು, ಡಾಕ್ಟರ್‌ಗಳು, ಆರ್ಡರ್ಲಿಗಳು ಅಂತ ನೋಡ್ದೆ ಕೊಂದ್ರು, ಒಬ್ಬ ಭಾರತೀಯ ಡಾಕ್ಟರ್ ಹೆಣಗಳ ಮಧ್ಯೆ ಸತ್ತೋನ ಥರ ಬಿದ್ಕೊಂಡು ಜೀವ ಉಳಿಸ್ಕೊಂಡ. ತೋಳಿಗೆ ರೆಡ್ ಕ್ರಾಸ್ ಪಟ್ಟಿ ಕಟ್ಟಿದ್ರೆ ಗುಂಡು ತಾಗಲ್ಲ ಅಂದ್ಕೊಳ್ಳೋರಿಗೆ ಇದನ್ನ ಹೇಳ್ತೀನಿ.

ಇನ್ನೊಂದು ನಮ್ಮ ಜನಕ್ಕೆ ಗೊತ್ತೇ ಇಲ್ಲದ್ದು ಕೊರಿಯಾ. ಜನರಲ್ ತಿಮ್ಮಯ್ಯನೋರು 1953ರಲ್ಲಿ ಅಲ್ಲಿನ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿದ್ರು ಅನ್ನೋದು ಕೊಡಗಿನೋರು ಹೇಳಿಯಾದ್ರೂ ನಮಗೆ ಗೊತ್ತಿದೆ. ಅದಕ್ಕೆ ಮೂರು ವರ್ಷ ಮುಂಚೆ, 1950ರ ನವೆಂಬರ್‌ನಲ್ಲೇ ನಮ್ಮ 60 ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಅಲ್ಲಿಗೆ ಹೋಗಿತ್ತು. ಭಾರತ ಲಡಾಯಿಗೆ ಸೈನ್ಯ ಕಳಿಸಲ್ಲ ಅಂದು ವೈದ್ಯಕೀಯ ಯುನಿಟ್ ಕಳಿಸಿತ್ತು, ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್. ಚೀನಾ ಸೈನ್ಯ ನುಗ್ಗಿದಾಗ ಪ್ಯೊಂಗ್ಯಾಂಗ್ ಖಾಲಿ ಮಾಡಿ ಅಂತ ಆರ್ಡರ್ ಬಂತು, ಲಾರಿ ಇಲ್ಲ, ಸಾಮಾನು ಬಿಟ್ಟು ಹೋಗಿ ಅಂದ್ರೂ ಇವರು ಬಿಡ್ಲಿಲ್ಲ, ಒಂದು ಹಳೇ ಉಗಿ ಇಂಜಿನ್ ಹುಡುಕಿ, ಬಕೆಟ್‌ನಲ್ಲಿ ನೀರು ಹೊತ್ತು ಹಾಕಿ, ಯುನಿಟ್‌ನಲ್ಲಿ ಇಂಜಿನ್ ಓಡಿಸೋದು ಗೊತ್ತಿದ್ದೋರೇ ಓಡಿಸ್ಕೊಂಡು ಆಪರೇಷನ್ ಸಾಮಾನನ್ನೆಲ್ಲಾ ಸೇತುವೆಗಳು ಉಡಾಯಿಸೋ ಮುಂಚೆ ದಾಟಿಸಿದ್ರು. 1951ರ ಮಾರ್ಚ್‌ನಲ್ಲಿ ಅಮೆರಿಕನ್ ಪ್ಯಾರಾಟ್ರೂಪರ್‌ಗಳ ಜೊತೆ ಮುನ್ಸಾನ್ ಹತ್ರ ಪ್ಯಾರಾಶೂಟ್‌ನಲ್ಲಿ ಇಳಿದು ಅಲ್ಲೇ ಆಪರೇಷನ್ ಮಾಡಿದ್ರು. ಯುನಿಟ್‌ನ ಅರ್ಧ ಜನ ಡೇಗು ಊರಲ್ಲಿ ಅಲ್ಲಿನ ಸಾಮಾನ್ಯ ಜನಕ್ಕೆ ಚಿಕಿತ್ಸೆ ಕೊಡ್ತಿದ್ರು. ಆ ಯುನಿಟ್‌ಗೆ ಮಹಾವೀರ ಚಕ್ರಗಳೂ ಬಂದ್ವು, ವೀರ ಚಕ್ರಗಳೂ ಬಂದ್ವು. ಬೇರೆ ದೇಶದಲ್ಲಾಗಿದ್ರೆ ಇದರ ಮೇಲೆ ಎಷ್ಟು ಸಿನಿಮಾ ಬರ್ತಿತ್ತೋ.

ಶತ್ರುಗೂ ಚಿಕಿತ್ಸೆ ಕೊಡ್ತೀರಾ ಅಂತ ಒಂದು ಕಾಲೇಜಲ್ಲಿ ಹುಡುಗನೊಬ್ಬ ಸಿಟ್ಟಲ್ಲೇ ಕೇಳಿದ್ದ. ಕೊಡ್ತೀವಪ್ಪ, ಕೊಡಲೇಬೇಕು. 1949ರ ಜಿನೀವಾ ಒಪ್ಪಂದದ ಪ್ರಕಾರ ಗಾಯಗೊಂಡು ಹೋರಾಟ ಬಿಟ್ಟೋನು ಯಾವ ಕಡೆಯೋನಾದ್ರೂ ರೋಗಿನೇ, ಯಾರಿಗೆ ಮೊದಲು ಅನ್ನೋದನ್ನ ಗಾಯ ನೋಡಿ ತೀರ್ಮಾನ ಮಾಡ್ಬೇಕೇ ಹೊರತು ಯೂನಿಫಾರ್ಮ್ ನೋಡಿ ಅಲ್ಲ. ನಮ್ಮ ಹತ್ರ ರೈಫಲ್ ಇರುತ್ತೆ, ಟ್ರೈನಿಂಗೂ ಆಗಿರುತ್ತೆ, ಆದ್ರೆ ಅದು ನಮ್ಮನ್ನ ಮತ್ತೆ ನಮ್ಮ ರೋಗಿಗಳನ್ನ ಕಾಪಾಡ್ಕೊಳ್ಳೋಕೆ. ಇದು ದಡ್ಡತನ ಅನ್ನೋರಿಗೆ 1971ರ ಮೇಜರ್ ಇಯಾನ್ ಕಾರ್ಡೋಜೋ ಅವರ ವಿಷಯ ಹೇಳ್ತೀನಿ. ಗೂರ್ಖಾ ರೈಫಲ್ಸ್‌ನೋರು, ಮೈನ್ ಮೇಲೆ ಕಾಲಿಟ್ಟು ಪಾದ ಛಿದ್ರ ಆಯ್ತು, ಮಾರ್ಫಿನ್ ಇಲ್ಲ, ತಮ್ಮ ಕುಕ್ರಿ ಕತ್ತಿಯಿಂದ್ಲೇ ತಮ್ಮ ಕಾಲು ಕತ್ತರಿಸಿಕೊಂಡ್ರು, ಅಷ್ಟು ಎಲ್ಲಾ ಕಡೆ ಬರುತ್ತೆ. ಅವರಿಗೆ ಆಮೇಲೆ ಆಪರೇಷನ್ ಮಾಡಿದ್ದು ನಮ್ಮ ಕೈಗೆ ಸಿಕ್ಕಿದ್ದ ಪಾಕಿಸ್ತಾನದ ಒಬ್ಬ ಸರ್ಜನ್ನು. ಮೊದಲು ಬೇಡ ಅಂದ್ರಂತೆ, ಆಮೇಲೆ ಮಾಡಿಸ್ಕೊಂಡ್ರು, ಕೃತಕ ಕಾಲಲ್ಲೇ ಬೆಟಾಲಿಯನ್ ಕಮಾಂಡ್ ಮಾಡಿ ಮೇಜರ್ ಜನರಲ್ ಆಗಿ ರಿಟೈರ್ ಆದ್ರು. ಆ ಸರ್ಜನ್ ಶತ್ರು ಅಂತ ಕೈ ಕಟ್ಟಿ ಕೂತಿದ್ರೆ?

ಇನ್‌ಫೆಂಟ್ರಿ ಮೇಲೆ ಹೊಟ್ಟೆಕಿಚ್ಚಿಂದ ಬರೀತಿದೀನಿ ಅಂತ ಯಾರೂ ತಿಳ್ಕೊಬೇಡಿ. ಮೇಲೆ ಹತ್ತಿ ಬಂಕರ್ ಒಳಗೆ ನುಗ್ಗಿದೋರನ್ನ ಕಣ್ಣಾರೆ ನೋಡಿದೋನು ನಾನು. ಪರಮವೀರ ಚಕ್ರ ಇಲ್ಲಿವರೆಗೆ ಎ.ಎಂ.ಸಿ.ಯ ಯಾರಿಗೂ ಬಂದಿಲ್ಲ, ಅದರ ಬಗ್ಗೆ ನನಗೆ ತಕರಾರಿಲ್ಲ. ಶಾಂತಿ ಕಾಲದ ಅತಿ ದೊಡ್ಡ ಪದಕ ಅಶೋಕ ಚಕ್ರ ಬಂದಿದೆ, ಮಣಿಪುರದ ಮೇಜರ್ ಲೈಶ್ರಾಮ್ ಜ್ಯೋತಿನ್ ಸಿಂಗ್ ಅವರಿಗೆ, 2010ರ ಫೆಬ್ರವರಿ 26ರಂದು ಕಾಬೂಲ್‌ನ ಗೆಸ್ಟ್ ಹೌಸ್ ಮೇಲೆ ದಾಳಿ ಆದಾಗ ಕೈಯಲ್ಲಿ ಆಯುಧ ಇಲ್ದೇ ಆತ್ಮಾಹುತಿ ದಾಳಿಕೋರನನ್ನ ತಬ್ಬಿ ಹಿಡಿದು ತಮ್ಮ ಜೊತೆಯೋರನ್ನ ಉಳಿಸಿ ಸತ್ತೋರು. ನಿಮ್ಮ ಓದುಗರಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತಿದೆ? ಅವರು ಆಫೀಸರ್ರು, ಅವರ ಹೆಸರೇ ಗೊತ್ತಿಲ್ಲ ಅಂದ್ಮೇಲೆ ಸಿಪಾಯಿ, ನಾಯಕ್, ಹವಾಲ್ದಾರ್‌ಗಳದ್ದು ಕೇಳೋದೇ ಬೇಡ. ಪದಕದ ಲೆಕ್ಕ ಸರ್ಕಾರ ನೋಡ್ಕೊಳ್ಳುತ್ತೆ. ಪೇಪರ್‌ನೋರು ಬರೆಯೋದಕ್ಕೆ ಪದಕ ಬಂದಿರ್ಲೇಬೇಕು ಅಂತ ರೂಲ್ಸ್ ಇಲ್ವಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. 1971ರಲ್ಲಿ ಇಪ್ಪತ್ತು ವರ್ಷದ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೋರು ಈಗ ಎಪ್ಪತ್ತು ದಾಟಿ ಎಷ್ಟೋ ಕಾಲ ಆಯ್ತು, 1965ರೋರು ಇನ್ನೂ ಹಿರೀಕರು. ಅವರಲ್ಲಿ ಹೆಚ್ಚಿನೋರು ತಾವು ಹೇಳೋಕೆ ಏನೂ ಇಲ್ಲ ಅಂತಾನೇ ನಂಬಿದಾರೆ, ಯಾಕಂದ್ರೆ ಐವತ್ತು ವರ್ಷದಿಂದ ಜನ ಕೇಳಿದ್ದು ಎಷ್ಟು ಜನರನ್ನ ಹೊಡೆದ್ರಿ ಅಂತ ಮಾತ್ರ. ನಿಮ್ಮ ಜಿಲ್ಲಾ ವರದಿಗಾರರಿಗೆ ಹೇಳಿ ಸೈನಿಕ ಕಲ್ಯಾಣ ಇಲಾಖೆ ಕಚೇರೀಲಿ, ಮಾಜಿ ಸೈನಿಕರ ಸಂಘದಲ್ಲಿ ವಿಚಾರಿಸೋಕೆ ಹೇಳಿ, ಎ.ಎಂ.ಸಿ.ಯೋರು ಯಾರಿದಾರೆ ಅಂತ. ಹೋಗಿ ಕೂತಾಗ ವೀರಗಾಥೆ ಕೇಳ್ಬೇಡಿ, ಸಣ್ಣ ಸಣ್ಣದು ಕೇಳಿ, ಚೀಲದಲ್ಲಿ ಏನಿರ್ತಿತ್ತು, ನೀರು ಎಲ್ಲಿಂದ ತರ್ತಿದ್ರಿ, ಒಬ್ಬನನ್ನ ಎಷ್ಟು ಹೊತ್ತು ಹೊತ್ರಿ, ಊಟ ಯಾವಾಗ ಮಾಡಿದ್ರಿ. ಆಗ ಬಾಯಿ ಬಿಡ್ತಾರೆ. ಮನೆಯೋರಿಗೂ ಒಂದು ಮಾತು, ಅಜ್ಜನ ಡಿಸ್ಚಾರ್ಜ್ ಬುಕ್ಕು ಟ್ರಂಕಲ್ಲಿ ಗೆದ್ದಲು ಹಿಡಿಯೋಕೆ ಬಿಡ್ಬೇಡಿ, ಅದರಲ್ಲಿ ಯಾವ ಯುನಿಟ್ಟು, ಯಾವ ಟ್ರೇಡು, ಯಾವ ಮೆಡಲ್ಲು ಎಲ್ಲಾ ಬರೆದಿರುತ್ತೆ, ಪೆನ್ಷನ್ ಕೆಲಸಕ್ಕೂ ಬೇಕಾಗುತ್ತೆ.

ಶಾಲೆಗಳೋರು ಆಗಸ್ಟ್ 15ಕ್ಕೆ ಮಾಜಿ ಸೈನಿಕರನ್ನ ಕರೆದು ಶಾಲು ಹೊದಿಸಿ ಕಳಿಸ್ತಾರೆ, ಒಳ್ಳೇದು. ಮುಂದಿನ ಸಲ ಎ.ಎಂ.ಸಿ.ಯೋರು ಸಿಕ್ಕಿದ್ರೆ ಶಾಲು ಬೇಡ, ಒಂದು ಗಂಟೆ ಕ್ಲಾಸ್ ಕೊಡಿ. ಹರೀತಿರೋ ರಕ್ತನ ಅಂಗೈಯಿಂದ ಹೇಗೆ ಒತ್ತಿ ಹಿಡಿಯೋದು, ಎಷ್ಟು ಹೊತ್ತು ಬಿಡಬಾರ್ದು, ಮಧ್ಯೆ ಮಧ್ಯೆ ಎತ್ತಿ ನೋಡಬಾರ್ದು ಯಾಕೆ, ಪ್ರಜ್ಞೆ ಇಲ್ಲದೋನ ಬಾಯಿಗೆ ನೀರು ಹಾಕಬಾರ್ದು ಯಾಕೆ, ಅವನನ್ನ ಪಕ್ಕಕ್ಕೆ ಹೇಗೆ ಮಲಗಿಸೋದು, ಕುತ್ತಿಗೆಗೆ ಪೆಟ್ಟಾದೋನನ್ನ ಆಟೋದಲ್ಲಿ ಮಡಚಿ ಹಾಕಿದ್ರೆ ಏನಾಗುತ್ತೆ, ಇಷ್ಟನ್ನ ಹೈಸ್ಕೂಲ್ ಮಕ್ಕಳಿಗೆ ಒಂದು ಗಂಟೇಲಿ ಕಲಿಸಬಹುದು. ನಮ್ಮ ಹೈವೇಗಳಲ್ಲಿ ಆಗೋ ಗಾಯಗಳು ಯುದ್ಧದ ಗಾಯಕ್ಕಿಂತ ಏನೂ ಬೇರೆ ಅಲ್ಲ, ಸುತ್ತ ನಿಂತೋರು ವಿಡಿಯೋ ಮಾಡ್ತಿರೋದೊಂದೇ ವ್ಯತ್ಯಾಸ. ಪೊಲೀಸ್ ಕೇಸಿನ ಭಯ ಅನ್ನೋ ನೆಪಾನೂ ಈಗ ಇಲ್ಲ, ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡೀಲಿ 134ಎ ಅಂತ ಸೇರಿಸಿ ಸಹಾಯ ಮಾಡಿದೋರಿಗೆ ರಕ್ಷಣೆ ಕೊಟ್ಟಿದಾರೆ. ಹೀಗೆ ಕಲಿಸೋಕೆ ಕರೆದ್ರೆ ದುಡ್ಡು ಕೇಳದೇ ಬರೋ ನಿವೃತ್ತ ನರ್ಸಿಂಗ್ ಅಸಿಸ್ಟೆಂಟ್‌ಗಳು ನನಗೆ ಗೊತ್ತಿರೋರೇ ಬೇಕಾದಷ್ಟು ಜನ ಇದಾರೆ, ನಾನೂ ಬರ್ತೀನಿ. ಶಾಲೆಯೋರು ಕೇಳಿದ್ರೆ ನನ್ನ ನಂಬರ್ ನಿಮ್ಮ ಆಫೀಸಿಂದ ಕೊಡಬಹುದು, ಪೇಪರಲ್ಲಿ ಮಾತ್ರ ಹಾಕ್ಬೇಡಿ, ಮಂಡಿ ನೋವಿನೋರು ಫೋನ್ ಮಾಡ್ತಾರೆ.

ಇತಿ,
ನಿವೃತ್ತ ಹವಾಲ್ದಾರ್ (ನರ್ಸಿಂಗ್ ಅಸಿಸ್ಟೆಂಟ್)
ಆರ್ಮಿ ಮೆಡಿಕಲ್ ಕೋರ್